ಬಣ್ಣ ಹಾಕದ ಡಬ್ಬಿ

ಬೆಳಗಿನ ಆರೂವರೆ. ಎಲ್ ಆಲ್ತೊ ನಗರದ ಭಾನುವಾರದ ಸಂತೆಯಲ್ಲಿ ಟಾರ್ಪಾಲು ಬಿಗಿಯುವ ಕೆಲಸ ಇನ್ನೂ ಮುಗಿದಿಲ್ಲ. ಕೆನ್ನೇರಳೆ ಮೆಕ್ಕೆಜೋಳದ ಬಿಸಿ ಪಾನೀಯ ಆಪಿ ಕುದಿಯುವ ಪಾತ್ರೆಯ ಪಕ್ಕ, ಮೋಟು ಸ್ಟೂಲಿನ ಮೇಲೆ ಸಬಿನಾ ಯುಹ್ರಾ ಕೂತಿದ್ದಾರೆ. ಕೈಯಲ್ಲಿ ನೋಟ್‌ಬುಕ್ಕು, ಟೊಪ್ಪಿಯ ಪಟ್ಟಿಗೆ ಸಿಕ್ಕಿಸಿದ ಪೆನ್ಸಿಲು. ಹಾದುಹೋಗುವ ಹೆಂಗಸರ ಮುಖ ಅವರಿಗೆ ಬೇಕಿಲ್ಲ. ಶಾಲಿನ ಕುಚ್ಚು, ಲಂಗದ ನೆರಿಗೆ, ಟೊಪ್ಪಿಯ ಅಂಚು ಕಂಡರೆ ಸಾಕು.

"ಹನ್ನೊಂದು" ಎನ್ನುತ್ತಾ ಗೀಟೆಳೆಯುತ್ತಾರೆ. "ಶಾಲಿನ ಪಿನ್ನು ಎದೆ ಮಧ್ಯದಿಂದ ಎಡಭುಜಕ್ಕೆ ಹೋಗಿದೆ ನೋಡಿ. ಹೋದ ತಿಂಗಳು ಇಬ್ರೇ ಹಂಗೆ ಹಾಕ್ಕೊಂಡಿದ್ರು."

ಆಪಿ ಮಾರುವ ಫ್ಲೋರಾ ನಗುತ್ತಾರೆ. "ನಮ್ ಸಬಿನಕ್ಕ ಗಂಡ ಎದುರಿಗೆ ಬಂದ್ರೂ ಗುರುತು ಹಿಡಿಯಲ್ಲ. ಅವನಿಗೆ ಕುಚ್ಚಿಲ್ವಲ್ಲ!"

"ಇದ್ದಿದ್ರೆ ಯಾವಾಗಲೋ ಕತ್ತರಿಸಿ ಡಬ್ಬಿಗೆ ಅಂಟಿಸ್ತಿದ್ದೆ" ಎಂದು ಸಬಿನಾ ತಲೆ ಎತ್ತದೆ ಉತ್ತರಿಸುತ್ತಾರೆ.

ಸಬಿನಾಗೆ ಐವತ್ತೆರಡು. ಮೊದಲು ಬಸ್ಸುಗಳಿಗೆ ಊರಿನ ಹೆಸರು ಬರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಶಾಲು, ಟೊಪ್ಪಿ, ಶೂ ಅಂಗಡಿಗಳ ಬೋರ್ಡು, ಲೇಬಲ್ಲು, ಡಬ್ಬಿಗಳನ್ನು ರೂಪಿಸುತ್ತಿದ್ದಾರೆ. ಗುರುವಾರ, ಭಾನುವಾರ ಸಂತೆಯಲ್ಲಿ ಮೂರು ಗಂಟೆ ನೋಡುವ ಕೆಲಸ. ಮಿಕ್ಕ ದಿನ ಒಂದೇ ಕೋಣೆಯ ಮನೆಯಲ್ಲಿ ಕತ್ತರಿ, ಬ್ರಷ್ಷು. ನಲವತ್ತೊಂದು ಅಂಗಡಿಗಳ ಮೇಲೆ ಅವರ ಕೈಯ ಗುರುತುಗಳಿವೆ. ಒಂದರ ಮೇಲೂ ಅವರ ಹೆಸರಿಲ್ಲ.

"ಅಂಗಡಿಯವ್ರು ಚೆಂದ ಕೇಳಲ್ಲ. ಹೋದ ವರ್ಷದ್ದು ಅನ್ನಿಸಬಾರ್ದು, ಅಷ್ಟೇ ಕೇಳ್ತಾರೆ. ಚೆಂದ ಮಾಡೋದು ಸುಲಭ" ಎನ್ನುತ್ತಾರೆ.

ಈ ವಾರ ಅವರ ಮುಂದಿರುವುದು ರೆಮೆದಿಯೊಸ್ ಅಪಾಸಾ ಅವರ ಡಬ್ಬಿ. ಹತ್ತೊಂಬತ್ತು ವರ್ಷ ನೆಲದ ಮೇಲೆ ನೀಲಿ ಪ್ಲಾಸ್ಟಿಕ್ ಹಾಸಿ ಶಾಲು ಮಾರಿದ ರೆಮೆದಿಯೊಸ್, ಶನಿವಾರ ಬಾಗಿಲಿರುವ ಅಂಗಡಿ ತೆರೆಯುತ್ತಿದ್ದಾರೆ. ಗ್ರಾನ್ ಪೊದೇರ್ ಹಬ್ಬಕ್ಕೆ ಇನ್ನು ಇಪ್ಪತ್ತು ದಿನ. ಆ ದಿನ ಕುಣಿತದ ತಂಡಗಳ ಹೆಂಗಸರು ಯಾವ ಬಣ್ಣ ಉಟ್ಟು ಬರುತ್ತಾರೋ ವರ್ಷವಿಡೀ ಅದೇ ಬಣ್ಣದ ಹವಾ. ಅಲ್ಲಿಯವರೆಗೆ ಅದು ತಂಡದವರಿಗೆ ಮತ್ತು ಹೊಲಿಯುವವರಿಗೆ ಮಾತ್ರ ಗೊತ್ತಿರುವ ಗುಟ್ಟು. ಡಬ್ಬಿಯ ಬಣ್ಣ ತಪ್ಪಿದರೆ ಹೊಸ ಅಂಗಡಿ ಹುಟ್ಟುವಾಗಲೇ ಹಳತಾಗುತ್ತದೆ.

"ತಂಡದ ದರ್ಜಿ ಬಸಿಲಿಯಾ ನಿನ್ನ ಬೀದಿಯಲ್ಲೇ ಇರೋದು. ಕಿಟಕೀಲಿ ಒಂದ್ಸಲ ಇಣುಕಿದ್ರೆ ಆಯ್ತಲ್ಲೇ?" ಎಂದು ರೆಮೆದಿಯೊಸ್ ವಾರದಿಂದ ಪೀಡಿಸುತ್ತಿದ್ದಾರೆ.

ಸಬಿನಾ ಒಮ್ಮೆ ಇಣುಕಿದ್ದರು. ಹನ್ನೊಂದು ವರ್ಷದ ಹಿಂದೆ ಬಸಿಲಿಯಾ ಟಿಕೊನಾ ಅವರ ಮನೆಯಲ್ಲಿ ಕಂಡ ನೇರಳೆ ಬಣ್ಣವನ್ನು ಶೂ ಡಬ್ಬಿಗಳಿಗೆ ಬಳಿದು, ಹಬ್ಬಕ್ಕೆ ಎರಡು ವಾರ ಮೊದಲೇ ಸಂತೆಗೆ ಬಿಟ್ಟರು. ಅಷ್ಟರಲ್ಲಿ ತಂಡದ ನೂರ ನಲವತ್ತು ಶಾಲುಗಳೂ ತಯಾರಾಗಿದ್ದವು.

"ಹಬ್ಬದ ದಿನ ಅವ್ರು ಕುಣಿತಾ ಬಂದ್ರೆ ಜನ 'ಅಗೋ, ಶೂ ಡಬ್ಬಿಗಳು ಬಂದ್ವು' ಅಂತ ಕೂಗಿದ್ರು. ನಾನು ಕಂಬದ ಹಿಂದೆ ನಿಂತಿದ್ದೆ" ಎನ್ನುವಾಗ ಸಬಿನಾ ಪೆನ್ಸಿಲು ಕೆಳಗಿಡುತ್ತಾರೆ.

ಮರುವಾರ ಎರಡು ಕ್ರೇಟು ಬಿಯರ್ ಹೊತ್ತು ಕ್ಷಮೆ ಕೇಳಲು ಹೋದರು. ತಂಡದವರು ಮೊದಲ ಗುಟುಕನ್ನು ಭೂತಾಯಿಗೆ ಚೆಲ್ಲಿ, ಕುಡಿದು, ಕ್ಷಮಿಸಿದರು. ಬಸಿಲಿಯಾ ಮಾತ್ರ ಲೋಟ ಮುಟ್ಟಲಿಲ್ಲ. ಅಂದಿನಿಂದ ಮಾತೂ ಇಲ್ಲ. ಬೀದಿಯಲ್ಲಿ ಎಲ್ಲರಿಗೂ ಕಾಣುವುದನ್ನು ಬಿಟ್ಟು ಬೇರೇನನ್ನೂ ನೋಟ್‌ಬುಕ್ಕಿಗೆ ಬರೆಯುವುದಿಲ್ಲ ಎಂಬ ನಿಯಮವನ್ನು ಸಬಿನಾ ಹಾಕಿಕೊಂಡದ್ದು ಆಗಲೇ.

ಏಳು ಗಂಟೆಗೆ ರೆಮೆದಿಯೊಸ್ ಬರುತ್ತಾರೆ. ಸಬಿನಾ ಚೀಲದಿಂದ ಡಬ್ಬಿ ತೆಗೆದಿಡುತ್ತಾರೆ. ಬರೀ ರಟ್ಟು.

"ಬಣ್ಣಾನೇ ಇಲ್ವಲ್ಲೇ! ಹೆಣದ ಪೆಟ್ಟಿಗೆ ಇದ್ದಂಗಿದೆ!"

"ಬಾಯಿ ಮುಚ್ಚಿ ಒಂದು ಶಾಲು ಇಡು."

ಮುಚ್ಚಳದಲ್ಲಿ ಎಡಭುಜಕ್ಕೆ ಪಿನ್ನು ಹಾಕಿದ ಶಾಲಿನ ಆಕಾರವನ್ನು ಕತ್ತರಿಸಿ ತೆಗೆದಿದ್ದಾರೆ. ಅಂಚಿನಲ್ಲಿ ಈ ವರ್ಷದ ಉದ್ದ ಕುಚ್ಚು, ಗಂಟು ಗಂಟಾಗಿ. ಒಳಗೆ ಹಸಿರು ಶಾಲು ಇಟ್ಟರೆ ಮುಚ್ಚಳದ ಶಾಲೂ ಹಸಿರು. ಗುಲಾಬಿ ಇಟ್ಟರೆ ಗುಲಾಬಿ. ರೆಮೆದಿಯೊಸ್ ಆರು ಶಾಲು ಬದಲಿಸಿ ನೋಡುತ್ತಾರೆ. "ಅಯ್ಯೋ, ಯಾವ ಬಣ್ಣ ಬಂದ್ರೂ ನಂದೇ!" ಎಂದು ಫ್ಲೋರಾ ಅವರ ಬೆನ್ನಿಗೆ ಗುದ್ದುತ್ತಾರೆ.

ಗದ್ದಲಕ್ಕೆ ದಾರಿಹೋಕರು ನಿಲ್ಲುತ್ತಾರೆ. ಅವರಲ್ಲಿ, ನೂಲಿನ ಚೀಲ ಹಿಡಿದ ಬಸಿಲಿಯಾ ಕೂಡ. ರೆಮೆದಿಯೊಸ್ ನಗು ನಿಲ್ಲಿಸುತ್ತಾರೆ. ಬಸಿಲಿಯಾ ಮುಚ್ಚಳ ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತಾರೆ.

"ಬಣ್ಣ ಎಲ್ಲಿ?"

"ಅದು ನಿಮ್ಮ ಹತ್ರಾನೇ ಇದೆಯಲ್ಲ, ಅಕ್ಕಾ" ಎನ್ನುತ್ತಾರೆ ಸಬಿನಾ.

ಬಸಿಲಿಯಾ ನಗುವುದಿಲ್ಲ. ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟು ಫ್ಲೋರಾ ಕಡೆ ತಿರುಗುತ್ತಾರೆ. "ಎರಡು ಆಪಿ ಕೊಡು."

ಒಂದು ಲೋಟವನ್ನು ಸಬಿನಾ ಮುಂದೆ ತಳ್ಳಿ, ಇನ್ನೊಂದನ್ನು ನಿಂತೇ ಕುಡಿದು ಮುಗಿಸಿ, "ಗಂಟು ಸರಿಯಾಗಿ ಎಣಿಸಿದ್ದೀಯ" ಎಂದಷ್ಟೇ ಹೇಳಿ ಹೊರಡುತ್ತಾರೆ.

ಸಬಿನಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯ ಗುಟುಕಿನವರೆಗೂ ಕುಡಿಯುತ್ತಾರೆ. ಆಮೇಲೆ ಪೆನ್ಸಿಲು ಎತ್ತಿಕೊಳ್ಳುತ್ತಾರೆ.

"ಎಣಿಸೋದು, ನಂಗೆ ಬರೋದು ಅದೊಂದೇ" ಎನ್ನುತ್ತಾರೆ. "ಎಲ್ಲಿದ್ದೆ? ಹಾಂ, ಹನ್ನೆರಡು."