ದಾದೇಸಾಬ ಊದಿದ ಜೋಗುಳ

ಮಸ್ಕಿಯ ದಾದೇಸಾಬ ನಲವತ್ತು ವರ್ಷದಿಂದ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದಾನೆ. ಅವನ ಪ್ರಕಾರ ಲೋಕದಲ್ಲಿರುವುದು ಎರಡೇ ನಮೂನೆಯ ಹಾಡು. ಜೋರಾಗಿದ್ದರೆ ಮದುವೆಯದು, ನಿಧಾನವಾಗಿದ್ದರೆ ಹೆಣದ ಮುಂದಿನದು. ಮೂರನೆಯದೊಂದು ಇದೆ ಎಂದವರನ್ನು ಅವನು ಮೇಲಿಂದ ಕೆಳಗೆ ನೋಡುತ್ತಿದ್ದ.

ಮದುವೆಗಳನ್ನೆಲ್ಲ ಡಿಜೆಯವರು ಬಾಚಿಕೊಂಡ ಮೇಲೆ ಅವನಿಗೆ ಖಾಯಂ ಆಗಿ ಉಳಿದದ್ದು ಗೊರೇಬಾಳದ ಕ್ರಿಸ್‌ಮಸ್ ಮೆರವಣಿಗೆ ಒಂದೇ. ಅದಕ್ಕೂ ಈ ಸಲ ಕುತ್ತು ಬಂದಿತ್ತು. ಪಾಸ್ಟರ್ ಸಾಮ್ಯುವೇಲಪ್ಪ ಫೋನಿನಲ್ಲೇ ಖಡಕ್ಕಾಗಿ ಹೇಳಿದ್ದರು:

"ವರ್ಷಾ ಮದುವಿ ಹಾಡೇ ಬಾರಸ್ತೀರಿ. ಈ ಸಲ ಮೂರು ನಮೂನಿ ಬೇಕ್ರಿ. ದಾರ್ಯಾಗ ಕುಣಿಯಾಕ ತೆಲುಗು ಹಾಡು, ಹುಡುಗರಿಗೆ ಗಂಟಿ ಹಾಡು, ಕಡೀಕ ಕೂಸು ಯೇಸುವಿಗೆ ಜೋಗುಳ. ತಪ್ಪಿದ್ರ ಬರೋ ವರ್ಷ ಸಿಂಧನೂರಿಂದ ಡಿಜೆ ತರಸ್ತೀವಿ."

ದಾದೇಸಾಬ ವಾರವಿಡೀ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕಲಿತ. ಮೊದಲೆರಡು ಸಲೀಸು. ಜೋಗುಳ ಮಾತ್ರ ತಲೆನೋವಾಯಿತು. ತೊಟ್ಟಿಲ ಮುಂದೆ ಬ್ಯಾಂಡ್ ಕರೆಸುವವರು ಯಾರಿದ್ದಾರೆ? ಕೊನೆಗೆ ಡ್ರಮ್ಮಿನ ಖಾಜಾಸಾಬನಿಗೆ, "ನಿಧಾನ ಐತಿ, ಗೊತ್ತಾತಲ್ಲ?" ಎಂದ. ಖಾಜಾಸಾಬ ಗೊತ್ತಾಯಿತೆಂದು ತಲೆಯಾಡಿಸಿದ. ಕೆಟ್ಟದ್ದೇ ಅಲ್ಲಿ.

ಹಬ್ಬದ ಹಿಂದಿನ ಸಂಜೆ ಗೊರೇಬಾಳದಲ್ಲಿ ತೆಲುಗು ಹಾಡಿಗೆ ಧೂಳೆದ್ದಿತು, ಗಂಟೆ ಹಾಡಿಗೆ ಮಕ್ಕಳು ಕುಪ್ಪಳಿಸಿದರು. ಮುದುಕ ಬಾಲಪ್ಪನ ಮನೆ ಮುಂದಿನ ಬಯಲಿನಲ್ಲಿ ನಿಂತು ದಾದೇಸಾಬ ಜೋಗುಳ ಎತ್ತಿಕೊಂಡ. ಖಾಜಾಸಾಬ ರೂಢಿಯಂತೆ ಹೆಣದ ಮುಂದಿನ ಪೆಟ್ಟನ್ನೇ ಹಾಕಿದ: ಧಂ... ಧಂ...

ಬಾಲಪ್ಪ ದೀಪಾವಳಿಯಿಂದ ಹಾಸಿಗೆ ಹಿಡಿದದ್ದು ಊರಿಗೆಲ್ಲ ಗೊತ್ತು. ಸದ್ದು ಕೇಳಿದ್ದೇ ತಡ, ಗಂಡಸರು ತಲೆಗೆ ಟವಲು ಸುತ್ತಿಕೊಂಡು ಬಂದರು, ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಒಬ್ಬನಂತೂ ಹಾರವನ್ನೇ ತಂದಿದ್ದ.

"ಯಾವಾಗ ಹೋದ್ನಬೇ ಅಜ್ಜ?" ಎಂದು ಅವನು ಬಾಲಪ್ಪನ ಸೊಸೆ ಗಾಳೆಮ್ಮನನ್ನು ಕೇಳಿದ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಲಪ್ಪನೇ ಕೋಲೂರಿಕೊಂಡು ಹೊರಬಂದ. "ಯಾರಲೇ ಸತ್ತಾರ?"

ಹಾರ ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

"ಕೂಸಿನ್ನ ಮಲಗಸ್ರಿ ಅಂದ್ರ ಮಣ್ಣ ಮಾಡಾಕತ್ತೀರಲ್ರೀ!" ಪಾಸ್ಟರ್ ಹಣೆ ಚಚ್ಚಿಕೊಂಡರು.

ದಾದೇಸಾಬನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಲವತ್ತು ವರ್ಷದ ಮರ್ಯಾದೆ ಗೊರೇಬಾಳದ ಬಯಲಿನಲ್ಲಿ ಮಣ್ಣುಪಾಲಾಗಿತ್ತು. ಡಿಜೆಯ ಪೆಟ್ಟಿಗೆಗಳು ಕಣ್ಣ ಮುಂದೆ ಬಂದು ನಿಂತವು.

ಬಾಲಪ್ಪ ಕಟ್ಟೆಯ ಮೇಲೆ ಕೂತ. "ಕೂಸಿನ ಹಾಡೇನಲೇ ಅದು? ಆ ಡ್ರಮ್ ಬಿಟ್ಟು ಊದು ನೋಡೋಣ."

ದಾದೇಸಾಬ ಖಾಜಾಸಾಬನ ಕೈಯಿಂದ ಕೋಲು ಕಿತ್ತುಕೊಂಡು ಕಂಕುಳಲ್ಲಿ ಇಟ್ಟುಕೊಂಡ. ಮನೆಯಲ್ಲಿ ಮೊಮ್ಮಗಳ ತೊಟ್ಟಿಲು ತೂಗುವುದನ್ನು ನೆನೆದು, ಅವಳು ಎದ್ದಾಳೆಂಬ ಹೆದರಿಕೆಯಲ್ಲೇ ಮೆತ್ತಗೆ ಊದಿದ. ಅಷ್ಟು ಮೆತ್ತಗೆ ಅವನು ಜನ್ಮದಲ್ಲಿ ಊದಿರಲಿಲ್ಲ.

ಹಾಡು ಮುಗಿಯುವಾಗ ಬಾಲಪ್ಪನ ತಲೆ ಎದೆಗೆ ವಾಲಿತ್ತು. ಜನ ಗಾಬರಿಯಾದರು. ಹಾರ ಮತ್ತೆ ಮುಂದೆ ಬಂತು. ಗಾಳೆಮ್ಮ ಮುದುಕನ ಮೂಗಿನ ಹತ್ತಿರ ಬೆರಳು ಹಿಡಿದಳು.

ಗೊರ್ರ್ ಎಂದು ಗೊರಕೆ ಬಂತು.

ಪಾಸ್ಟರ್ ನಗು ತಡೆಯಲಾರದೆ, "ಬರೋ ವರ್ಷಾನೂ ನೀವೇ ಬರ್ರಿ," ಎಂದು ಪಿಸುಗುಟ್ಟಿದರು.

ಗಾಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ದಾದೇಸಾಬನತ್ತ ತಿರುಗಿದಳು. "ವರ್ಷದ ಮಾತು ಹಂಗಿರಲಿ ಕಾಕಾ. ದೀಪಾವಳಿಯಿಂದ ಮಾವ ಕಣ್ಣು ಮುಚ್ಚಿಲ್ಲ. ನಾಳೆ ಸಂಜಿಗೂ ಬರ್ತೀಯೇನು?"