ಹಾಲಮ್ಮನ ಕೂಗು

ಹೊನ್ನಾಳಿಯ ಹೆಣ್ಣುಮಕ್ಕಳ ಸ್ಕೂಲಿಗೆ ಮನೆಮನೆಯಿಂದ ಹುಡುಗಿಯರನ್ನು ಕರೆತರುವ ಕೆಲಸ ಹಾಲಮ್ಮನದು. ಹುಡುಗಿಯರು ಕಡಿಮೆಯಾದರೆ ಸ್ಕೂಲು ಮುಚ್ಚಿಬಿಡುತ್ತೇವೆ ಎಂದು ಇನ್‌ಸ್ಪೆಕ್ಟರು ಹೇಳಿಹೋದ ದಿನದಿಂದ ಅವಳು ನಸುಕಿಗೇ ಬೀದಿಗಿಳಿಯುತ್ತಾಳೆ. ಊರಿನ ಕೋಳಿಗಳು ಅವಳ ಕೂಗಿಗೇ ಏಳುತ್ತವೆ: "ಶಂಕರಮ್ಮಾರೆ, ಹುಡುಗೀನ ಕಳಿಸ್ರಿ." ಯಾರು ಏನು ನೆಪ ಹೇಳಿದರೂ ಅವಳಲ್ಲಿ ಉತ್ತರವಿದೆ. ನೀರು ತರಬೇಕು ಎಂದರೆ ಕೊಡ ಕಸಿದುಕೊಂಡು ತಾನೇ ಹೊಳೆಗೆ ಓಡುತ್ತಾಳೆ. ತಲೆ ಬಾಚಿಲ್ಲ ಎಂದರೆ ಬೀದಿಯಲ್ಲೇ ಕೂರಿಸಿ ಜಡೆ ಹೆಣೆಯುತ್ತಾಳೆ. ಬೆರಣಿ ತಟ್ಟಬೇಕು ಎಂದರೆ ಸೆರಗು ಸಿಕ್ಕಿಸಿ ಸಗಣಿಗೆ ಕೈಹಾಕುತ್ತಾಳೆ. ಕರೆತರುವಾಗಲೂ ಹಿಂದಿನವಳು ಮನೆಗೆ ಓಡಿಬಿಟ್ಟಳೇನೋ ಎಂದು ತಿರುತಿರುಗಿ ನೋಡುತ್ತಾಳೆ. "ಕೂಸು ಆಡ್ಸೋರು ಯಾರೂ ಇಲ್ಲ, ಹುಡುಗೀನ ಹೆಂಗೆ ಕಳಿಸ್ಲಿ?" ಎಂದು ಅಡಿಕೆ ಮಂಡಿಯ ಕಸ್ತೂರಮ್ಮನವರು ಹಟ ಹಿಡಿದಾಗ ಹಾಲಮ್ಮ ಅದಕ್ಕೂ ಉತ್ತರ ಕೊಟ್ಟಳು. ಅವಳ ಸಂಬಳ ಎರಡು ಹೊಟ್ಟೆಗೆ ಸಾಲದು. ಆ ಮನೆಯಲ್ಲಿ ಎರಡು ಹೊತ್ತು ಮುದ್ದೆಯಾದರೂ ಸಿಗುತ್ತದೆ. ಈಗ ಕಸ್ತೂರಮ್ಮನವರ ಮಗಳು ಸ್ಲೇಟು ಹಿಡಿದು ಹೊರಗೆ ಬರುತ್ತಾಳೆ. ಆ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತ ಹಾಲಮ್ಮನ ಮಗಳು ಚೌಡಿ ದಿನವೂ ಕೇಳುತ್ತಾಳೆ: "ಅವ್ವ, ನನ್ನ ಯಾವತ್ತು ಕರಿಯಾಕೆ ಬರ್ತೀಯ?" ಹಾಲಮ್ಮ ಇನ್ನೂ ಗಟ್ಟಿಯಾಗಿ ಪಕ್ಕದ ಮನೆಯವರನ್ನು ಕೂಗುತ್ತಾಳೆ.