ಲೆಕ್ಕಕ್ಕೆ ಬಾರದ ಎಸೆತಗಳು

ಲಿಸಾಂದ್ರೊ ಎನ್ಕಾರ್ನಾಸಿಯೋನ್ ಹದಿಮೂರು ವರ್ಷ ಬೇಸ್‌ಬಾಲ್ ಆಡಿ ಹೊಟ್ಟೆ ಹೊರೆದ. ಅಮೆರಿಕದ ದೊಡ್ಡ ಲೀಗಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಆದರೂ ಅವನು ಅಲ್ಲಿ ನಾಲ್ಕು ದಿನ ಇದ್ದದ್ದು ನಿಜ. ಅಂಗಿ ಕೊಟ್ಟಿದ್ದರು, ಬೆನ್ನ ಮೇಲೆ ಅರವತ್ತೆಂಟು ಅಂತ ನಂಬರಿತ್ತು. ಆ ನಾಲ್ಕು ದಿನದಲ್ಲಿ ಎಸೆಯಲು ಸಿದ್ಧನಾಗು ಅಂತ ಐದು ಸಲ ಎಬ್ಬಿಸಿದರು, ಐದು ಸಲವೂ ತೋಳು ಬಿಸಿ ಮಾಡಿಕೊಂಡ, ಐದು ಸಲವೂ ಕೂರಿಸಿದರು. ಐದನೇ ದಿನ ಬೆಳಿಗ್ಗೆ ಕೆಳಗಿನ ಲೀಗಿಗೆ ವಾಪಸು ಕಳಿಸಿದರು.

ಅವನದು ರಿಲೀಫ್ ಪಿಚರ್ ಕೆಲಸ. ಆಟ ಶುರುಮಾಡಿದ ಪಿಚರ್ ದಣಿದಾಗಲೋ ಏಟು ತಿನ್ನತೊಡಗಿದಾಗಲೋ ಬಂದು ಚೆಂಡೆಸೆದು ಮಾನ ಉಳಿಸಬೇಕಾದವನು. ಅಲ್ಲಿಯವರೆಗೆ ಎಡಗಡೆ ಬೇಲಿಯ ಹಿಂದಿನ ಓಣಿಯಂಥ ಜಾಗದಲ್ಲಿ, ಬುಲ್‌ಪೆನ್ನಿನಲ್ಲಿ, ಕಾದಿರಬೇಕು. ಊರಿನಲ್ಲಿ ಆಡುವಾಗ ಅಲ್ಲಿ ಅವನ ಚೆಂಡು ಹಿಡಿಯುತ್ತಿದ್ದವನು ನಾನು, ಫೆರ್ಮಿನ್ ಪೊಲಾಂಕೊ. ನಮ್ಮೂರು ಸಾನ್ ಪೆದ್ರೊ ದೆ ಮಾಕೊರೀಸಿನಲ್ಲಿ ಲೀಗು ನಡೆಯುವುದು ಚಳಿಗಾಲದಲ್ಲಿ, ಅಲ್ಲಿನ ಕ್ಲಬ್ಬಿನಲ್ಲಿ ನಾನು ಹತ್ತೊಂಬತ್ತು ಚಳಿಗಾಲ ಬೇಲಿಯ ಹಿಂದೆ ಕುಕ್ಕರುಗಾಲಲ್ಲಿ ಕಳೆದೆ. ನನ್ನನ್ನು ಬೇಲಿಯ ಈಚೆಗೆ ಯಾರೂ ಒಂದು ದಿನವೂ ಕರೆಯಲಿಲ್ಲ.

ಬುಲ್‌ಪೆನ್ನಿನಲ್ಲಿ ಎಸೆದ ಚೆಂಡನ್ನು ಯಾರೂ ಬರೆದುಕೊಳ್ಳುವುದಿಲ್ಲ. ಮೈದಾನದೊಳಗೆ ಆದರೆ ಸೀನಿದ್ದು ಕೆಮ್ಮಿದ್ದೆಲ್ಲ ಬರೆಯುತ್ತಾರೆ. ಬೇಲಿಯ ಹಿಂದೆ ಮನುಷ್ಯ ನಲವತ್ತು ಚೆಂಡು ಜೀವ ಬಿಟ್ಟು ಎಸೆದು, ಕೊನೆಗೆ ಒಳಗೆ ಕರೆಯದಿದ್ದರೆ, ಕಾಗದದಲ್ಲಿ ಅವನಿಗೆ ಆ ದಿನ ವಿಶ್ರಾಂತಿ. ಇದನ್ನು ಯಾವ ಮುಠ್ಠಾಳ ಕಂಡುಹಿಡಿದನೋ, ಅವನ ಕೈಯಲ್ಲೊಮ್ಮೆ ಎಸೆಸಿ ನೋಡಬೇಕಿತ್ತು.

ಗೋಡೆಗೊಂದು ಫೋನು. ಮೇನೇಜರ್ ದೋನ್ ಕಾಂದಿದೊ ಮೈದಾನದ ಅಂಚಿನಲ್ಲಿ ಆಟಗಾರರು ಕೂರುವ ಜಾಗದಿಂದ ಫೋನು ಮಾಡುತ್ತಿದ್ದರು, ಎತ್ತುವುದು ನನ್ನ ಕೆಲಸ. "ಹೇಗಿದ್ದಾನೆ?" ಅಂತ ಅವರು ಕೇಳುತ್ತಿದ್ದರು. ನಾನು "ಚೆನ್ನಾಗಿದ್ದಾನೆ" ಅನ್ನುತ್ತಿದ್ದೆ. ಬೇರೆ ಉತ್ತರ ನಮ್ಮಲ್ಲಿ ಯಾರೂ ಕೊಡುವುದಿಲ್ಲ. ಆಗಲ್ಲ ಅಂದವನಿಗೆ ಮುಂದಿನ ವಾರ ಫೋನು ಬಡಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಚರ್ಚಿನಲ್ಲಿ ನನ್ನ ಮಗಳಿಗೆ ದೀಕ್ಷಾಸ್ನಾನ ಮಾಡಿಸಿದ ದಿನ ಧರ್ಮತಂದೆಯಾಗಿ ಅವಳನ್ನು ಎತ್ತಿಕೊಂಡು ನಿಂತವನು ಲಿಸಾಂದ್ರೊ. ಅಂದಿನಿಂದ ನಾವು ಒಬ್ಬರಿಗೊಬ್ಬರು ಕೊಂಪಾದ್ರೆ, ಮಗುವಿನ ಅಪ್ಪನೂ ಧರ್ಮತಂದೆಯೂ ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ಅಲ್ಲಿಂದಾಚೆ ಎದುರಿಗೆ ಮಾತಾಡುವಾಗ ಏಕವಚನ ಬಿಟ್ಟೆವು. ಅಣ್ಣತಮ್ಮಂದಿರು ಹೊಡೆದಾಡಲಿ, ಕೇಳುವವರಿಲ್ಲ. ಕೊಂಪಾದ್ರೆಗೆ ಸುಳ್ಳು ಹೇಳಿದರೆ ನಮ್ಮೂರು ಮುಖ ನೋಡುವುದಿಲ್ಲ.

ಅಮೆರಿಕದಿಂದ ಬಂದ ಹೊಸತರಲ್ಲಿ ಅಂಗಡಿ ಮುಂದಿನ ದೊಮಿನೋ ಮೇಜಿನಲ್ಲಿ ಅವನನ್ನು ಕಾಡದವರಿಲ್ಲ. ಮುದುಕ ತೆಯೊ ಕಾಯಿ ಕುಟ್ಟುತ್ತಾ ಕೇಳಿದ, "ಏನಪ್ಪಾ ದೊಡ್ಡ ಲೀಗು, ಅಲ್ಲಿ ಬೆಂಚು ಮೆತ್ತಗಿತ್ತಾ?"

"ನಿಮ್ಮ ಹಾಸಿಗೆಗಿಂತ ಮೆತ್ತಗಿತ್ತು ತಾತ. ನಿಮ್ಮ ಯಜಮಾನ್ತಿನೇ ಹೇಳಿದ್ರಲ್ಲ, ನಿಮ್ಮ ಹಾಸಿಗೇಲೂ ಮಲಗೋದು ಬಿಟ್ರೆ ಬೇರೇನೂ ನಡೆಯಲ್ವಂತೆ."

ಮೇಜೆಲ್ಲ ನಕ್ಕಿತು, ಲಿಸಾಂದ್ರೊನೂ ನಕ್ಕ. ಮನೆಯ ದಾರಿಯಲ್ಲಿ ಮಾತ್ರ ನಿಂತುಬಿಟ್ಟ.

"ಕೊಂಪಾದ್ರೆ, ಒಂದೇ ಒಂದು ಔಟು ಸಾಕಿತ್ತು. ಒಬ್ಬನೇ ಒಬ್ಬನಿಗೆ ಎಸೆದು ಬಂದಿದ್ರೆ ಪುಸ್ತಕದಲ್ಲಿ ಒಂದು ಗೆರೆ ಇರ್ತಿತ್ತು. ನನ್ನ ಮಕ್ಕಳು ಬೆರಳಿಟ್ಟು ತೋರಿಸೋಕೆ ಒಂದು ಗೆರೆ. ಅಷ್ಟೂ ಇಲ್ಲ ನೋಡಿ."

ಅವನಿಗೆ ಮೂವತ್ತೆರಡಾದ ಚಳಿಗಾಲದಲ್ಲಿ ಆ ಗೆರೆ ಮತ್ತೆ ಹತ್ತಿರ ಬಂತು. ಹಾಲ್ವರ್ಸನ್ ಅಂತ ಒಬ್ಬ ಅಮೆರಿಕದವನು, ಆಟಗಾರರನ್ನು ಆರಿಸುವವನು, ಊರಿಗೆ ಬಂದಿದ್ದ. ಅವನ ಕ್ಲಬ್ಬಿಗೆ ಒಬ್ಬ ರಿಲೀಫ್ ಪಿಚರ್ ತುರ್ತಾಗಿ ಬೇಕಿತ್ತು. ಭಾನುವಾರ ನಿನ್ನ ಆಟ ನೋಡುತ್ತೇನೆ, ಸರಿ ಎನಿಸಿದರೆ ನೇರ ದೊಡ್ಡ ತಂಡದ ಶಿಬಿರಕ್ಕೆ, ಅಂತ ಸೋಮವಾರ ಹೇಳಿ ಹೋದ.

ಮಂಗಳವಾರದಿಂದ ಶನಿವಾರದವರೆಗೆ ದಿನಾ ಫೋನು ಬಡಿಯಿತು. ದಿನಾ ಆಟ ಕೈತಪ್ಪುವಂತಾಗುವುದು, ದೋನ್ ಕಾಂದಿದೊ ಅವನನ್ನು ಎಬ್ಬಿಸುವುದು, ಮತ್ತೆ ಕೂರಿಸುವುದು. ಒಂದು ದಿನವೂ ಒಳಗೆ ಕರೆಯಲಿಲ್ಲ. ಐದು ದಿನಕ್ಕೆ ನೂರ ಎಂಬತ್ತಾರು ಎಸೆತ, ಪ್ರತಿಯೊಂದೂ ನನ್ನ ಅಂಗೈಗೆ ಬಿದ್ದದ್ದು. ಕಾಗದದಲ್ಲಿ ಐದು ದಿನ ವಿಶ್ರಾಂತಿ. ಶನಿವಾರ ರಾತ್ರಿ ನಾನು ಅವನ ಮನೆಗೆ ಹೋದಾಗ ಅವನ ಹೆಂಡತಿ ಮಿರೇಯಾ ಅವನ ಅಂಗಿಯನ್ನು ತಲೆಯ ಮೇಲಿಂದ ಎಳೆದು ಬಿಚ್ಚುತ್ತಿದ್ದಳು. ಅವನ ಬಲಗೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ.

"ದೋನ್ ಕಾಂದಿದೊಗೆ ಹೇಳಿಬಿಡಿ ಕೊಂಪಾದ್ರೆ," ಅಂದೆ.

"ಹೇಳಿದ್ರೆ ಭಾನುವಾರನೂ ಹೋಯ್ತು. ನೀವು ಬಾಯಿ ಮುಚ್ಕೊಂಡಿರಿ, ನಿಮ್ಮ ದಮ್ಮಯ್ಯ."

ಭಾನುವಾರ ನಾಲ್ಕು ಗಂಟೆಯ ಆಟ. ಹಾಲ್ವರ್ಸನ್ ಹುಲ್ಲಿನ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಒಂಬತ್ತು ಇನ್ನಿಂಗ್ಸಿನಲ್ಲಿ ಎಂಟನೆಯದು ನಡೆಯುತ್ತಿದ್ದಾಗ ನಮ್ಮ ಪಿಚರ್ ತತ್ತರಿಸತೊಡಗಿದ. ಲಿಸಾಂದ್ರೊ ಎದ್ದು ಎಸೆಯತೊಡಗಿದ. ಹದಿನಾರು ಚೆಂಡು ಹೇಗೋ ಬಂದವು. ಹದಿನೇಳನೆಯದು ನನಗಿಂತ ಮಾರು ದೂರದಲ್ಲೇ ನೆಲಕ್ಕೆ ಬಿತ್ತು. ಅವನು ನನಗೆ ಬೆನ್ನು ಹಾಕಿ ತಿರುಗಿದ, ಎರಡೂ ಕೈ ಎದೆಗೆ ಒತ್ತಿಕೊಂಡು ಸೊಂಟ ಬಗ್ಗಿಸಿ ನಿಂತುಬಿಟ್ಟ. ಮೊಣಕೈ ಹೋಯಿತು ಅಂದುಕೊಂಡೆ. ಅದೇ ಹೊತ್ತಿಗೆ ಫೋನು ಬಡಿಯಿತು.

"ಹೇಗಿದ್ದಾನೆ?"

ನಾನು ಅವನ ಬೆನ್ನು ನೋಡಿದೆ. "ಆಗಲ್ಲ ದೋನ್ ಕಾಂದಿದೊ. ಕೈ ಹೋಗಿದೆ. ಒಳಗೆ ಕಳಿಸಿದ್ರೆ ಇವತ್ತು ಮುರಿಯುತ್ತೆ."

"ಮುಂಚೆ ಬೊಗಳೋಕೆ ಏನಾಗಿತ್ತೋ ನಿನಗೆ? ಇನ್ನೊಬ್ಬನ್ನ ಎಬ್ಬಿಸು."

ಹತ್ತೊಂಬತ್ತು ಚಳಿಗಾಲದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಬಂದದ್ದು. ಅದು ಅಕ್ಕರೆಯೇ, ನಾನು ದಾಟದ ಬೇಲಿಯನ್ನು ಅವನು ದಾಟುತ್ತಾನಲ್ಲ ಎಂಬ ಹೊಟ್ಟೆಕಿಚ್ಚೇ? ಹೊಟ್ಟೆಕಿಚ್ಚು ಇರಲಿಲ್ಲ ಅಂತ ಮಗಳ ತಲೆ ಮುಟ್ಟಿ ಆಣೆ ಮಾಡಲಾರೆ. ಲಿಸಾಂದ್ರೊ ಅಷ್ಟರಲ್ಲಿ ಬೇಲಿಯ ಬಾಗಿಲ ಹತ್ತಿರ ಹೋಗಿ ನಿಂತಿದ್ದ, ಫೋನಿನ ಮಾತು ಅವನಿಗೆ ಕೇಳಿರಲಿಲ್ಲ. ಅವನ ಪಕ್ಕದಿಂದ ಇನ್ನೊಬ್ಬ ಪಿಚರ್ ಓಡಿ ಒಳಗೆ ಹೋದ.

"ಮೇನೇಜರ್ ಮನಸ್ಸು ಬದಲಾಯಿಸಿದ್ರು," ಅಂದೆ. ಕೊಂಪಾದ್ರೆಗೆ ನಾನು ಹೇಳಿದ ಮೊದಲ ಸುಳ್ಳು.

ಕೈ ಕೆಟ್ಟಿದೆ ಎಂಬ ಮಾತು ದೋನ್ ಕಾಂದಿದೊರಿಂದ ಹಾಲ್ವರ್ಸನ್ನಿಗೆ ಹೋಯಿತು, ಅವನಿಂದ ಉಳಿದ ಕ್ಲಬ್ಬುಗಳಿಗೂ ಹೋಯಿತು. ಮೂವತ್ತೆರಡು ವರ್ಷದ, ಕೈ ಕೆಟ್ಟ ಪಿಚರನ್ನು ಯಾರು ಕರೆಯುತ್ತಾರೆ? ಹತ್ತು ದಿನ ಬಿಟ್ಟು ಡಾಕ್ಟರು ಚಿತ್ರ ತೆಗೆದು ನೋಡಿದರು. ಬರೀ ಊತ, ಎರಡು ವಾರ ಸುಮ್ಮನಿದ್ದರೆ ಸರಿಹೋಗುತ್ತದೆ ಎಂದರು. ಸರಿಹೋಯಿತು. ಅವನು ಡಾಕ್ಟರು ಬರೆದುಕೊಟ್ಟ ಕಾಗದ ಹಿಡಿದು ಎಲ್ಲೆಲ್ಲಿಗೋ ಫೋನು ಮಾಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲಿಸಾಂದ್ರೊ ಉರಿಯುತ್ತಾ ದೋನ್ ಕಾಂದಿದೊರ ಎದುರು ಹೋಗಿ ನಿಂತ. "ನನ್ನ ಕೈ ಕೆಟ್ಟಿದೆ ಅಂತ ನಿಮಗೆ ಯಾರು ಹೇಳಿದ್ದು?"

ಅವರು ನನ್ನ ಕಡೆ ಒಂದು ಸಲ ನೋಡಿದರು. ನಾನು ಅಲ್ಲೇ ಚೆಂಡಿನ ಚೀಲ ಹಿಡಿದು ನಿಂತಿದ್ದೆ. "ಯಾರೂ ಹೇಳಲಿಲ್ಲ. ತೀರ್ಮಾನ ನನ್ನದು," ಅಂದರು. ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಅವನು ಆಟ ಬಿಟ್ಟ, ಆಮೇಲೆ ಏಳು ವರ್ಷ ಬಾಡಿಗೆ ಬೈಕ್ ಓಡಿಸಿದ. ಮಾರುಕಟ್ಟೆಯಿಂದ ಹೆಂಗಸರನ್ನು, ಅವರ ಬಾಳೆಗೊನೆಯನ್ನು, ಕೋಳಿಯನ್ನು ಹಿಂದೆ ಕೂರಿಸಿಕೊಂಡು ಬಿಸಿಲಲ್ಲಿ ಸುತ್ತಿದ. ಪ್ರತಿ ಭಾನುವಾರ ನನ್ನ ಮನೆಯಲ್ಲಿ ಅನ್ನ, ಕೆಂಪು ಕಾಳು, ಮಾಂಸದ ಊಟ. ಊಟದ ಜೊತೆಗೆ ದೋನ್ ಕಾಂದಿದೊಗೆ ಬೈಗುಳ. ನಾನು ಬಡಿಸುತ್ತಾ ಹೂಂಗುಡುತ್ತಿದ್ದೆ.

ಹೋದ ವರ್ಷ ದೋನ್ ಕಾಂದಿದೊ ತೀರಿಕೊಂಡರು. ಒಂಬತ್ತು ದಿನದ ಪ್ರಾರ್ಥನೆಗೆ ಊರಿಗೂರೇ ಅವರ ಮನೆಗೆ ಹೋಯಿತು. ಲಿಸಾಂದ್ರೊ ಆ ಬೀದಿಗೆ ಬೈಕು ಕೂಡ ತಿರುಗಿಸಲಿಲ್ಲ. ಒಂಬತ್ತನೇ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೇಳಿದರು, "ಲಿಸಾಂದ್ರೊ ಯಾಕಪ್ಪ ಬರಲಿಲ್ಲ? ಕೊನೇವರೆಗೂ ಅವನನ್ನೇ ನೆನೆಸ್ತಿದ್ರು ಇವರು." ಸತ್ತವರ ತಲೆಯ ಮೇಲೆ ನನ್ನ ಪಾಪ ಇನ್ನೆಷ್ಟು ದಿನ ಹೊರಿಸಲಿ?

ಆ ಭಾನುವಾರ ಅವನ ತಟ್ಟೆಗೆ ಅನ್ನ ಹಾಕಿದವನೇ ಹೇಳಿಬಿಟ್ಟೆ. "ಕೊಂಪಾದ್ರೆ, ಅವತ್ತು ಫೋನಲ್ಲಿ ಆಗಲ್ಲ ಅಂದವನು ನಾನು. ದೋನ್ ಕಾಂದಿದೊ ಅಲ್ಲ."

ಅವನು ಚಮಚ ಕೆಳಗಿಟ್ಟ.

"ಯಾಕೆ?" ಅಂದ.

"ನೀವು ಬೆನ್ನು ಹಾಕಿ ಬಗ್ಗಿಬಿಟ್ರಿ. ಕೈ ಎದೆಗೆ ಒತ್ತಿಕೊಂಡಿದ್ರಿ. ಮೊಣಕೈ ಮುರೀತು ಅಂದ್ಕೊಂಡೆ."

"ನೋವಿತ್ತು. ಯಾವತ್ತಿರಲಿಲ್ಲ?" ಅವನ ದನಿ ಏರಲೇ ಇಲ್ಲ. "ನಾನು ಬಗ್ಗಿದ್ದು ಅಲ್ತಾಗ್ರಾಸಿಯಾ ಮಾತೆಗೆ ಕೈಮುಗಿಯೋಕೆ. ಹನ್ನೆರಡು ಎಸೆತ ಕೊಡು ತಾಯಿ, ಆಮೇಲೆ ಈ ಕೈ ನೀನೇ ತಗೋ, ನನಗೆ ಬೇಡ ಅಂತ ಕೇಳ್ಕೊಂಡೆ."

ಬಲಗೈಯನ್ನು ಮೇಜಿನ ಮೇಲಿಟ್ಟು ಮಡಿಸಿದ, ಬಿಡಿಸಿದ. ಮೂವತ್ತೊಂಬತ್ತರ ಆ ಕೈಗೆ ಒಂದು ಕುಂದೂ ಇರಲಿಲ್ಲ.

"ನೋಡಿ, ಹಂಗೇ ಇದೆ," ಅಂದ. "ಮುರಿದಿದ್ರೆ ನಾನು ಎಂದೋ ಮರೆತುಬಿಡ್ತಿದ್ದೆ. ದಿನಾ ಬೆಳಿಗ್ಗೆ ಎದ್ದು ಇದನ್ನ ನೋಡ್ತೀನಿ, ಸರಿಯಾಗೇ ಇರುತ್ತೆ."

ಊಟ ಮಾಡದೆ ಎದ್ದು ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಮಾರುಕಟ್ಟೆಯ ಹತ್ತಿರ ಅವನ ಬೈಕು ನಿಂತಿರುವುದನ್ನು ನೋಡಿದರೆ ನಾನು ಪಕ್ಕದ ಬೀದಿಯಲ್ಲಿ ನಡೆದು ಮನೆಗೆ ಹೋಗುತ್ತೇನೆ.